ಮೊದಲ ಇಪ್ಪತ್ತು ನಿಮಿಷ

ಲೈಮಾ, ಒಹಾಯೊ
೧೪ ಮೇ ೧೯೯೬

ಪ್ರೀತಿಯ ನೊರೀನ್ ಅಕ್ಕ,

ಎಲ್ಲರೂ ಚೆನ್ನಾಗಿದ್ದೀರಾ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಫೋನ್ ಅಡುಗೆಮನೆಯಲ್ಲಿದೆ, ಅಪ್ಪನ ಕುರ್ಚಿಯೂ ಅಲ್ಲೇ. ಅದಕ್ಕೇ ಈ ಕಾಗದ.

ನಿಮ್ಮೂರು ಶಾರ್ಲಟ್‌ನ ರೇಸ್ ಕಾರುಗಳ ಗ್ಯಾರೇಜಿನಲ್ಲಿ ಭಾವ ಕೊಡಿಸಿದ ಕೆಲಸಕ್ಕೆ ಜೂನ್ ಒಂದಕ್ಕೆ ಬರುತ್ತೇನೆ ಎಂದಿದ್ದೆ. ಬರಲಾಗುವುದಿಲ್ಲ. ಅಪ್ಪನ ಷರತ್ತು ನಿನಗೆ ಗೊತ್ತು: "ಸ್ಕೂಲ್ ಅರ್ಧಕ್ಕೆ ಬಿಟ್ಟೆ. ಈ ಶೆವೆಲ್ ಕಾರಿನ ಕೆಲ್ಸಾನಾದ್ರೂ ಮುಗಿಸು. ಎಂಜಿನ್ನಿಗೆ ನಾನೂರು ಕುದುರೆ ಶಕ್ತಿ ಬರ್ಲಿ, ಆಮೇಲೆ ಎಲ್ಲಿ ಬೇಕಾದ್ರೂ ಹೋಗು." ನಾನು ಹೂಂ ಎಂದಿದ್ದೆ.

ಚಳಿಗಾಲವಿಡೀ ಅದೇ ಕೆಲಸ. ಎಂಜಿನ್ನಿಗೆ ಗಾಳಿ ಹೋಗುವ ದಾರಿಗಳನ್ನು ಉಜ್ಜಿ ಅಗಲ ಮಾಡಿದೆ. ದೊಡ್ಡ ಕಾರ್ಬುರೇಟರ್ ಕೂರಿಸಿದೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಹೊಸ ಕ್ಯಾಮ್‌ಶಾಫ್ಟ್ ಹಾಕಿದೆ. ಹೊಸ ಕ್ಯಾಮ್ ಹಾಕಿದಾಗ ಮೊದಲ ಇಪ್ಪತ್ತು ನಿಮಿಷ ಎಂಜಿನ್ ಜೋರಾಗಿಯೇ ಓಡಬೇಕು. ನಿಧಾನವಾದರೆ ಎಣ್ಣೆ ಸಾಲದೆ ಅದರ ಉಬ್ಬುಗಳು ಸವೆದುಹೋಗುತ್ತವೆ.

ಶನಿವಾರ ಶೆಡ್ಡಿನಲ್ಲಿ ಚಾಲೂ ಮಾಡಿದೆವು. ಪಕ್ಕದ ಮನೆಯ ಡ್ಯೂಯಿ ಮಾಮ ಬೇಲಿಯಾಚೆಯಿಂದ, "ಹುಷಾರು ಕಣೋ, ಹುಬ್ಬು ಸುಟ್ಕೊಂಡ್ರೆ ನಿಮ್ಮಪ್ಪನ ಥರಾನೇ ಕಾಣ್ತೀಯ!" ಎಂದ. ಅಪ್ಪ ನಕ್ಕ. ಪಾರ್ಶ್ವವಾಯು ಬಡಿದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು. ಐದು ನಿಮಿಷವಾಗಿರಬೇಕು, "ಬಿಸಿಯಾಗ್ತಿದೆ, ನೀರಿನ ಪೈಪ್ ಎಳ್ಕೊಂಡ್ ಬಾ" ಎಂದ. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಗುಡುಗುಡು ಎಂದು ನಿಧಾನಕ್ಕೆ ಓಡುತ್ತಿತ್ತು. "ತಾನಾಗೇ ಇಳೀತು" ಎಂದ ಅಪ್ಪ.

ಭಾನುವಾರ ಬಿಚ್ಚಿದೆ. ಎರಡು ಉಬ್ಬುಗಳು ಚಪ್ಪಟೆ. ಎಣ್ಣೆಯ ತುಂಬ ಕಬ್ಬಿಣದ ಪುಡಿ. ಇಡೀ ಎಂಜಿನ್ ಬಿಚ್ಚಿ ತೊಳೆದು ಮತ್ತೆ ಮೊದಲಿನಿಂದ ಕಟ್ಟಬೇಕು. ಶೆಡ್ಡಿನ ಬಾಗಿಲು ತೆರೆದೇ ಇರುತ್ತದೆ ಅಕ್ಕ, ಆದರೂ ಉಸಿರು ಕಟ್ಟುತ್ತದೆ. ಭಾವನಿಗೆ ನೀನೇ ಹೇಳು. ನನಗೆಂದು ತೆಗೆದಿಟ್ಟ ಕೋಣೆ ಬೇರೆ ಯಾರಿಗಾದರೂ ಕೊಡು. ಮಕ್ಕಳಿಗೆ ಮುತ್ತು. ನೀವೆಲ್ಲ ಸುಖವಾಗಿರಿ.

ನಿನ್ನ ತಮ್ಮ,
ವೆಂಡೆಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಎಂಜಿನ್ ತಾನಾಗಿ ಇಳಿಯಲಿಲ್ಲ. ಪೈಪ್ ಎಳೆದುಕೊಂಡು ಬರುವಾಗ ಶೆಡ್ಡಿನ ಕಿಟಕಿಯಿಂದ ನೋಡಿದೆ. ಅಪ್ಪ ಸರಿಯಿರುವ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರಿನ ವೇಗದ ತಿರುಪು ಸಡಿಲಿಸುತ್ತಿದ್ದ. ಇಪ್ಪತ್ತು ನಿಮಿಷದ ನಿಯಮ ನನಗೆ ಕಲಿಸಿದವನೇ ಅವನು. ನಾನು ಓಡಿಹೋಗಿ ತಡೆಯಬಹುದಿತ್ತು. ತಡೆಯಲಿಲ್ಲ. ನಾನು ಹೋಗುವುದೆಂದರೆ ಅವನಿಗೆ ಅಷ್ಟು ಭಯವಿದೆಯೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ತಿಂಡಿ ತಿನ್ನುವಾಗ, "ನಾನು ನೋಡ್ದೆ ಅಪ್ಪ" ಎಂದೆ. ಅವನು ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಅದನ್ನು ನನ್ನ ತಟ್ಟೆಗೆ ಹಾಕಿ, "ಹೊಸ ಕ್ಯಾಮ್‌ಗೆ ಅಂಗಡೀಲಿ ಹೇಳಿದ್ಯಾ?" ಎಂದ.

ನಿನ್ನೆಯೇ ಹೇಳಿಬಿಟ್ಟಿದ್ದೆ.