ಪರದೆಯ ಹಿಂದಿನ ತಗಡಿನ ಡಬ್ಬಿ

ಇನ್ವರ್ಕಾರ್ಗಿಲ್
ಸೋಮವಾರ, ೧೨ ಜೂನ್ ೨೦೨೩

ಪ್ರೀತಿಯ, ಮುದ್ದಿನ, ಮಹಾ ಮೊಂಡ ಅಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಕಿವಿಯೊಳಗಿನ ಆ ಗುಂಯ್ ಸದ್ದು ಸ್ವಲ್ಪವಾದರೂ ಇಳಿಯಿತೇ? ದ್ವೀಪದಲ್ಲಿ ಗಾಳಿ ಜೋರಾಗಿ ಶನಿವಾರ ದೋಣಿಯನ್ನೇ ಬಿಡಲಿಲ್ಲವಂತೆ. ಕಟ್ಟಿಗೆ ಒಳಗೆ ತಂದಿಟ್ಟುಕೊಂಡಿದ್ದೀಯ ತಾನೇ? ಮೀನನ್ನೆಲ್ಲ ಬೆಕ್ಕಿಗೆ ಹಾಕಿ ನೀನು ಬರೀ ಟೋಸ್ಟ್ ತಿಂದು ಮಲಗುತ್ತಿದ್ದೀಯ ಎಂದು ನನಗೆ ಗೊತ್ತು. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ ಎಷ್ಟು ಅಂತೀಯ! ಮದುವೆಯಾಗಿ ಏಳು ವಾರವಾದರೂ ಬೆಳಿಗ್ಗೆ ಕಣ್ಣು ಬಿಟ್ಟು ಪಕ್ಕದಲ್ಲಿ ಕ್ಯಾಲಮ್‌ನ ಕೆಂಪು ತಲೆ ಕಂಡರೆ ನನಗೆ ಇನ್ನೂ ನಗು ಬರುತ್ತದೆ. ದಿನವೂ ಚಹಾ ಮಾಡಿಕೊಡುತ್ತಾನೆ, ಸಕ್ಕರೆ ಮರೆಯುತ್ತಾನೆ, ಮರೆತದ್ದಕ್ಕೆ ಒಂದು ಮುತ್ತು ಕೊಡುತ್ತಾನೆ. ಈಗೀಗ ಬೇಕೆಂದೇ ಮರೆಯುತ್ತಾನೆ ಎಂದು ನನಗೆ ಅನುಮಾನ. ಇಂಥ ಹುಡುಗ ಅಂಥ ಅಪ್ಪನಿಗೆ ಹೇಗೆ ಹುಟ್ಟಿದನೋ, ದೇವರೇ ಬಲ್ಲ.

ಆ ಅಪ್ಪನ ಸುದ್ದಿಯನ್ನೇ ಬರೆಯಲು ಕೂತಿದ್ದೇನೆ. ನೀನೂ ಕೂತುಕೊಂಡು ಓದು. ನಿನ್ನ ಸೇಡು ತೀರಿಸಿದೆ, ಅಪ್ಪಾ!

ನನಗೆ ಸೇಡೂ ಇಲ್ಲ ಗೀಡೂ ಇಲ್ಲ ಎನ್ನಬೇಡ. ಮದುವೆ ಊಟದಲ್ಲಿ ಮರ್ಡೋಕ್ ಮಾವ ಗ್ಲಾಸು ಎತ್ತಿ ಹಿಡಿದು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಬೀಗರ ಮನೇಲಿ ಹೋದ ವಾರ ಹಾಡು ಕೇಳ್ದೆ. ಕಂಪ್ಯೂಟರ್‌ನಲ್ಲಿ ಯಾವ್ದೋ ಪುಕ್ಕಟೆ ಪ್ಲೇಯರ್ ಹಾಕ್ಕೊಂಡಿದಾರೆ, ತಗಡಿನ ಡಬ್ಬಿ! ಪಾಪ, ಮೂವತ್ತು ವರ್ಷ ಹಡಗಿನ ಇಂಜಿನ್ ಪಕ್ಕ ನಿಂತ ಕಿವಿ, ಇನ್ನೇನು ಬೇಕು ಬಿಡಿ!" ಎಂಬತ್ತು ಜನ ನಕ್ಕರು. ನೀನೂ ನಕ್ಕೆ. ಆದರೆ ಕೇಕು ಕತ್ತರಿಸುವಾಗ ತಿರುಗಿ ನೋಡಿದರೆ ನಿನ್ನ ಕುರ್ಚಿ ಖಾಲಿ. ಮರುದಿನ ಬೆಳಿಗ್ಗೆ ಮಾವನ ಬಾಗಿಲಲ್ಲಿ, ಮದುವೆಯ ಹಾಡಿಗೆಂದು ನೀನು ದ್ವೀಪದಿಂದ ಹೊತ್ತು ತಂದಿದ್ದ ನಿನ್ನ ಆಂಪ್ಲಿಫೈಯರ್ ಇತ್ತು. ಎರಡು ಚಳಿಗಾಲ ಅಡುಗೆಮನೆ ಮೇಜಿನ ಮೇಲೆ ನೀನೇ ಬೆಸುಗೆ ಹಾಕಿ ಕಟ್ಟಿದ್ದು, ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತದ್ದು. ಬೂದು ಕಂಬಳಿ ಸುತ್ತಿ, ಹಗ್ಗ ಕಟ್ಟಿ, "ಕಿವಿ ಇರುವವರ ಹತ್ತಿರ ಇರಲಿ" ಎಂದು ಚೀಟಿ ಸಿಕ್ಕಿಸಿ ನೀನು ದೋಣಿ ಹತ್ತಿದ್ದೆ. ಅಂದಿನಿಂದ ನೀನು ಒಂದು ಹಾಡನ್ನೂ ಕೇಳಿಲ್ಲವಂತೆ. ಆ ಆಂಪ್ಲಿಫೈಯರನ್ನು ಮಾವನ ಕೈಯಿಂದಲೇ, ಹತ್ತು ಜನರ ಎದುರಿಗೇ ಹೊರಿಸಿಕೊಂಡು ತರುತ್ತೇನೆ ಎಂದು ಅವತ್ತೇ ಶಪಥ ಮಾಡಿದ್ದೆ. ಹೊಸ ಮದುಮಗಳು ಇಂಥ ಶಪಥ ಮಾಡಬಾರದೇನೋ. ಮಾಡಿದೆ!

ಅವಕಾಶ ತಾನಾಗಿಯೇ ಬಂತು. ಮಾವ ಹತ್ತೊಂಬತ್ತು ವರ್ಷದಿಂದ ಅಧ್ಯಕ್ಷರಾಗಿರುವ ಸಂಗೀತ ಕೇಳುಗರ ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿದೆ. ಅದರಲ್ಲಿ ಯಾವ ಪ್ಲೇಯರ್ ಇರಬೇಕು ಎಂದು ತೀರ್ಮಾನವಾಗಬೇಕಿತ್ತು. ಮಾವನದು ಒಂದೇ ಹಟ: ಕ್ಯಾಥೀಡ್ರಲ್. ವರ್ಷವರ್ಷವೂ ದುಡ್ಡು ಕಟ್ಟುವಂಥದ್ದು. ಕಂಪ್ಯೂಟರ್ ತೆರೆ ತುಂಬ ಬಣ್ಣದ ಚಿತ್ರ, ಹಾಡಿದವರ ಜಾತಕ, ಕತ್ತಲಲ್ಲಿ ಹೊಳೆಯುವ ಗುಂಡಿಗಳು. ನಿನ್ನ ಆ ಪುಕ್ಕಟೆ ಪ್ಲೇಯರ್, ಬಡಪಾಯಿ ಲಿಂಪೆಟ್‌ನಲ್ಲಿ ಏನಿದೆ? ಒಂದು ಬೂದು ಕಿಟಕಿ, ಒಂದು ಪಟ್ಟಿ. ಅದರ ಹಿಂದಿನ ಭಾನುವಾರ, ಅಂದರೆ ಎಂಟು ದಿನದ ಹಿಂದೆ, ಮಧ್ಯಾಹ್ನ ಅತ್ತೆಯ ಊಟದ ಮೇಜಿನಲ್ಲಿ, ಆಲೂಗಡ್ಡೆ ಬಡಿಸುತ್ತಾ, ಬೆಣ್ಣೆಯಂಥ ದನಿಯಲ್ಲಿ ಕೇಳಿದೆ, ಎರಡನ್ನೂ ಪರದೆಯ ಹಿಂದೆ ಇಟ್ಟು ಕೇಳಿದರೆ ನಿಮಗೆ ಗೊತ್ತಾಗುತ್ತದೆಯೇ ಮಾವ ಎಂದು. "ಗೊತ್ತಾಗತ್ತಾ? ಏ ಹುಡುಗಿ, ನಿದ್ದೇಲಿ ಎಬ್ಬಿಸಿ ಕೇಳು, ಹೇಳ್ತೀನಿ! ತಪ್ಪಿದ್ರೆ ನಿಮ್ಮಪ್ಪನ ಆಂಪ್ಲಿಫೈಯರ್ ನಾನೇ ಹೊತ್ಕೊಂಡು ಬಂದು ನಿನ್ನ ಕಾರಲ್ಲಿ ಇಡ್ತೀನಿ." ಕ್ಯಾಲಮ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಬೇಡ ಎನ್ನುವುದಕ್ಕೆ. ನಾನು ಪ್ರೀತಿಗೆ ಎಂದುಕೊಂಡಂತೆ ನಟಿಸಿ ಅವನಿಗೆ ಇನ್ನೊಂದು ಆಲೂಗಡ್ಡೆ ಹಾಕಿದೆ.

ನಿನ್ನೆ ಎರಡು ಗಂಟೆಗೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಚೀಸ್ ರೋಲ್ ಬಿಸಿಬಿಸಿಯಾಗಿತ್ತು, ಹೀಟರ್ ಮಾತ್ರ ತಣ್ಣಗಿತ್ತು. ಒಂದು ಪರದೆ ಕಟ್ಟಿದೆವು. ಸ್ಪೀಕರ್‌ಗಳು ಈಚೆ, ಕಂಪ್ಯೂಟರ್ ಮತ್ತು ನಾನು ಆಚೆ. ಯಾವುದು ಒಂದು, ಯಾವುದು ಎರಡು ಎಂದು ಬರೆದ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಾರ್ಯದರ್ಶಿ ವಿನಿಫ್ರೆಡ್ ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಅದನ್ನು ಹೆಣಿಗೆಯ ಚೀಲದೊಳಗೆ ತುರುಕಿಕೊಂಡರು. ಮಾವ ಎಷ್ಟು ಶಿಸ್ತಿನವರು ಅಂತೀಯ, ಯಾರೂ ಸದ್ದು ಏರಿಸಿ ಇಳಿಸಿ ಮಾಡಬಾರದೆಂದು ಸಂಘದ ಆಂಪ್ಲಿಫೈಯರಿನ ತಿರುಪಿಗೆ ತಾವೇ ಟೇಪು ಹಚ್ಚಿ, ಟೇಪಿನ ಮೇಲೆ ಸಹಿಯನ್ನೂ ಹಾಕಿದರು.

ಮೂರು ಹಾಡು, ಒಂದೊಂದೂ ಎರಡೆರಡು ಸಲ. ಸಂಘದ ಪದ್ಧತಿ ನಿನಗೆ ಗೊತ್ತಿಲ್ಲ: ಕೇಳಿದವರು ಏನು ಹೇಳುತ್ತಾರೋ ಅದನ್ನು ಕಾರ್ಯದರ್ಶಿ ಹಾಗೆಹಾಗೇ ಪುಸ್ತಕದಲ್ಲಿ ಬರೆಯಬೇಕು, ಹೇಳಿದವರು ಕೆಳಗೆ ಸಹಿ ಮಾಡಬೇಕು. ಮೊದಲನೆಯ ಹಾಡಿಗೇ ಮಾವ ಶುರು ಮಾಡಿದರು. "ಒಂದನೇದು ಕೇಳಿದ್ರಾ? ಬಾಯಿಗೆ ಉಣ್ಣೆ ತುರುಕ್ಕೊಂಡು ಹಾಡ್ದಂಗಿದೆ! ಎರಡನೇದು ನೋಡಿ, ಆಹಾ, ಸೆಲ್ಲೋ ಬಾರಿಸೋನ ಉಸಿರೂ ಕೇಳ್ತಿದೆ. ಇದು ಕ್ಯಾಥೀಡ್ರಲ್, ಅನುಮಾನವೇ ಇಲ್ಲ." ಎರಡನೆಯ ಹಾಡಿಗೂ ಅದೇ ಮಾತು. ಮೂರನೆಯದಕ್ಕೆ ಕುರ್ಚಿಯಿಂದ ಎದ್ದೇಬಿಟ್ಟರು. "ಸಾಕು, ಸಾಕು! ಆ ಒಂದನೇದು ಇದ್ಯಲ್ಲ, ಇಂಜಿನ್ ರೂಮಲ್ಲಿ ಕಿವಿ ಕಳ್ಕೊಂಡೋರಿಗೇ ಸರಿ!" ಮತ್ತೆ ಅದೇ ನಗು, ಅಪ್ಪಾ. ಮದುವೆ ಊಟದ ನಗು. ಪರದೆಯ ಪಕ್ಕದಿಂದ ತಲೆ ಹೊರಹಾಕಿ, "ಅದನ್ನೂ ಬರೆಸಲಾ ಮಾವ?" ಎಂದೆ. "ಬರೆಸು, ಬರೆಸು! ದಪ್ಪಕ್ಷರದಲ್ಲಿ ಬರೆಸು!" ಬರೆಸಿದೆ. ಸಹಿ ಬಿತ್ತು, ಬಾಲ ಸುತ್ತಿದ ದೊಡ್ಡ ಸಹಿ.

ಆಮೇಲೆ ಅಜ್ಜಿ ಹೆಣಿಗೆ ಕಡ್ಡಿಯಿಂದ ಲಕೋಟೆ ಸೀಳಿ ಓದಿದರು. ಒಂದು, ಕ್ಯಾಥೀಡ್ರಲ್. ಎರಡು, ಲಿಂಪೆಟ್.

ಹಾಲ್‌ನಲ್ಲಿ ಚೀಸ್ ರೋಲ್ ಅಗಿಯುವುದೂ ನಿಂತಿತು. ಮಾವನ ಮುಖ ಬೀಟ್‌ರೂಟ್. "ಎಲ್ಲೋ ಸದ್ದು ಹೆಚ್ಚುಕಮ್ಮಿ ಆಗಿರ್ಬೇಕು" ಎಂದರು. "ಟೇಪು ಹಚ್ಚಿದ್ದು ನೀನೇ ಕಣೋ ಮರ್ಡೋಕ್, ಸಹಿನೂ ನಿಂದೇ" ಎಂದರು ಅಜ್ಜಿ, ಹೆಣಿಗೆಯಿಂದ ತಲೆಯನ್ನೂ ಎತ್ತದೆ. ಆಮೇಲೆ ಕನ್ನಡಕ ಏರಿಸಿಕೊಂಡು, ಪದ್ಧತಿ ಪ್ರಕಾರ, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದರು. ಉಣ್ಣೆಯಿಂದ ಹಿಡಿದು ಇಂಜಿನ್ ರೂಮಿನವರೆಗೆ. ಈ ಸಲ ಜನ ನಕ್ಕದ್ದು ಯಾರನ್ನು ನೋಡಿ ಎಂದು ಬರೆಯಬೇಕೇ?

ಸಂಜೆಯೊಳಗೆ ಮಾವ ತಾವೇ ಆಂಪ್ಲಿಫೈಯರ್ ಹೊತ್ತು ತಂದು ನನ್ನ ಕಾರಿನಲ್ಲಿಟ್ಟರು. ಸಂಘದ ಅರ್ಧ ಜನ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಕಂಬಳಿ ಹಾಗೇ ಇತ್ತು, ನೀನು ಹಾಕಿದ ಹಡಗಿನ ಗಂಟೂ ಹಾಗೇ ಇತ್ತು. ಏಳು ವಾರ ಅದನ್ನು ಬಿಚ್ಚಿಯೇ ಇರಲಿಲ್ಲ. "ಬಿಚ್ಚೋಕೆ ಮನಸ್ಸು ಬರ್ಲಿಲ್ಲ ಕಣಮ್ಮ. ಅವತ್ತು ಒಂದು ಮಾತು ಜಾಸ್ತಿ ಆಡ್ಬಿಟ್ಟೆ" ಎಂದರು. ನನಗೆ ಕರುಣೆ ಬರಲಿಲ್ಲ. ಸರಿ, ಒಂದು ಚೂರು ಬಂತು. ಉಳಿದಿದ್ದ ಚೀಸ್ ರೋಲ್ ಜೊತೆ ಅದನ್ನೂ ನುಂಗಿಬಿಟ್ಟೆ.

ಅತ್ತೆ ನಿನ್ನನ್ನು ಕೇಳಿದ್ದಾರೆಂದು ತಿಳಿಸಲು ಹೇಳಿದರು. ನಿನ್ನೆಯಿಂದ ಅವರು ಒಳಗೊಳಗೇ ನಗುತ್ತಿದ್ದಾರೆ. ಕ್ಯಾಲಮ್‌ನ ನಮಸ್ಕಾರ. ಬೆಕ್ಕಿನ ಮೂಗಿಗೆ ನನ್ನದೊಂದು ಮುತ್ತು, ನಿನ್ನ ಬೋಳು ತಲೆಗೆ ಹತ್ತು. ಟೋಪಿ ಹಾಕಿಕೊಳ್ಳದೆ ಹೊರಗೆ ಹೋಗಬೇಡ.

ನಿನ್ನ ಟಾರ್ಚು ಹಿಡಿಯುವ ಮಗಳು,
ರೋನಾ

ತಾ.ಕ.: ಕ್ಯಾಲಮ್ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ, ಅವನಿಗೆ ತೋರಿಸಬೇಡ. ನಾನು ಮೋಸ ಮಾಡಿದೆ. ಮಾವ ಟೇಪು ಹಚ್ಚಿದ್ದು ಆಂಪ್ಲಿಫೈಯರಿನ ತಿರುಪಿಗೆ ಮಾತ್ರ. ಕ್ಯಾಥೀಡ್ರಲ್‌ನೊಳಗೇ ಸದ್ದು ಏರಿಸಿ ಇಳಿಸುವ ಒಂದು ಪುಟ್ಟ ಗೀಟು ಇದೆಯಲ್ಲ, ಅದನ್ನು ಒಂದೇ ಒಂದು ಕೂದಲಷ್ಟು ಇಳಿಸಿದ್ದೆ. ತುಸು ಜೋರಾದದ್ದನ್ನೇ ಜನ ಚೆನ್ನಾಗಿದೆ ಅನ್ನುತ್ತಾರೆ ಎಂದು ನನಗೆ ಒಂಬತ್ತು ವರ್ಷವಿದ್ದಾಗ ಹೇಳಿಕೊಟ್ಟವನು ನೀನೇ. ಇನ್ನೊಂದು ಮಾತು. ಶನಿವಾರ ಎರಡರ ಸದ್ದನ್ನೂ ಸಮ ಮಾಡಿ, ಕಣ್ಣು ಮುಚ್ಚಿ, ಇಪ್ಪತ್ತು ಸಲ ಕೇಳಿ ಯಾವುದು ಯಾವುದೆಂದು ಊಹಿಸಿದೆ. ಹತ್ತು ಸರಿ, ಹತ್ತು ತಪ್ಪು. ನನ್ನ ಇಪ್ಪತ್ತಾರು ವರ್ಷದ ಕಿವಿಗೂ ಅಷ್ಟೇ, ಅಪ್ಪಾ. ಪ್ಲೇಯರ್ ಅಂದರೆ ಟಪಾಲಿನವನು, ಕಾಗದ ತಲುಪಿಸಬೇಕು, ತಿದ್ದಬಾರದು ಎನ್ನುತ್ತಿದ್ದೆಯಲ್ಲ. ಎರಡೂ ತಲುಪಿಸುತ್ತವೆ, ಅಷ್ಟೇ. ನಿನಗೆ ಕೇಳಿಸಲಿಲ್ಲ ಎಂದು ಅವರು ನಕ್ಕ ಆ ವ್ಯತ್ಯಾಸ ಅಲ್ಲಿ ಇರಲೇ ಇಲ್ಲ. ಮೋಸಗಾತಿ ಎಂದು ಬೈಯುವುದಿದ್ದರೆ ಶುಕ್ರವಾರದ ದೋಣಿಗೆ ಬಂದು ಎದುರಿಗೇ ಬೈ. ಆಂಪ್ಲಿಫೈಯರ್ ನಮ್ಮ ಅಡುಗೆಮನೆ ಮೇಜಿನ ಮೇಲಿದೆ. ಗಂಟನ್ನು ನಾನು ಬಿಚ್ಚುವುದಿಲ್ಲ.