ಎಳೆದರೆ ಮೇಲಕ್ಕೆ

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಮೊಂಡಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀವಿಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲದಿದ್ದರೂ ನೀನು ಚೆನ್ನಾಗಿದ್ದೀವಿ ಅಂತಲೇ ಹೇಳುವವಳು, ಆದ್ದರಿಂದ ಕೇಳಿ ಪ್ರಯೋಜನವಿಲ್ಲ. ಪೊಟ್ಟಣ ಕಳಿಸುತ್ತೇನೆ ಎಂದು ಹೇಳಿ ಇಷ್ಟು ದಿನ ಸತಾಯಿಸಿದ್ದಕ್ಕೆ ಬೈಯಬೇಡ. ಸ್ಟುಡಿಯೋದಲ್ಲಿ ಈಗ ಶಾಲೆಯ ಗುರುತಿನ ಚೀಟಿಗಳ ಕಾಲ. ದಿನವಿಡೀ ಮಕ್ಕಳಿಗೆ ‘ಗದ್ದ ಇಳಿಸು, ಹಲ್ಲು ಬಿಡಬೇಡ’ ಎಂದು ಹೇಳಿ ಹೇಳಿ, ಮೊನ್ನೆ ಊಟಕ್ಕೆ ಕೂತಾಗ ಅಪ್ಪನಿಗೂ ಅದನ್ನೇ ಹೇಳಿಬಿಟ್ಟೆ. ಪಾಪ, ಅವರು ಗದ್ದ ಇಳಿಸಿದರು.

ಪೊಟ್ಟಣ ಬಿಚ್ಚಿದವಳೇ ‘ಇವಳಿಗೆ ತಲೆ ಕೆಟ್ಟಿದೆ’ ಅಂದಿರುತ್ತೀಯ. ಹೌದು ಕಣೇ, ಅದು ಗೇಮ್ ಆಡುವ ಪ್ಯಾಡೇ. ನಿಮ್ಮವರಿಗೆ. ನಿಮ್ಮ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ ಆಡಲು. ಯಾಕೆ, ಏನು, ಎಲ್ಲ ಹೇಳುತ್ತೇನೆ, ಸ್ವಲ್ಪ ತಾಳು. ಖುಷಿಯಲ್ಲಿ ಎಲ್ಲಿಂದ ಶುರು ಮಾಡಬೇಕೋ ನನಗೇ ಗೊತ್ತಾಗುತ್ತಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ‘ಅಪ್ಪ’ ಎಂದು ನಾನು ಬಾಯಿ ತೆರೆಯುವುದೇ ತಡ, ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಬೆಳಗ್ಗೆ ಮಾಡಿದರೂ ಉಕ್ಕುತ್ತದೆ, ಮಧ್ಯಾಹ್ನ ಮಾಡಿದರೂ ಉಕ್ಕುತ್ತದೆ. ಅಷ್ಟು ಹಾಲು ಯಾರು ಕುಡಿಯುತ್ತೀರೋ! ಕಾಗದಕ್ಕೆ ಆ ತೊಂದರೆಯಿಲ್ಲ. ಬೇಕಾದರೆ ಒಲೆ ಆರಿಸಿ ಬಂದು ಓದು.

ನಿನ್ನ ಕೋಪ ನನಗೆ ಅರ್ಥವಾಗದ್ದಲ್ಲ. ಅವರಿಬ್ಬರೂ ಕೆಲಸಕ್ಕಿದ್ದ ಸರಕಿನ ಯಾರ್ಡಿಗೆ ಹೊಸ ಕ್ರೇನ್ ಬಂದ ವಾರವೇ ಆ ಅಪಘಾತವಾಯಿತು. ಮೇಲೆ ಕೂತು ಕ್ರೇನ್ ನಡೆಸುತ್ತಿದ್ದವರು ಅಪ್ಪ, ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವರು ನಿಮ್ಮವರು. ಅವರು ಬೆರಳೆತ್ತಿ ತಿರುಗಿಸಿ ‘ಮೇಲೆ, ಮೇಲೆ’ ಎಂದು ಸನ್ನೆ ಮಾಡುತ್ತಿದ್ದಂತೆಯೇ ಕಬ್ಬಿಣದ ಪೆಟ್ಟಿಗೆ ಕೆಳಗಿಳಿದು ಅವರ ಕಾಲು ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ನೀನು ಎಲ್ಲರೆದುರು ಅಪ್ಪನಿಗೆ, “ನೀವು ನೋಡ್ಲೇ ಇಲ್ಲಪ್ಪಾ. ಅವರ ಕಡೆ ಒಂದ್ಸಲ ಕಣ್ಣೆತ್ತಿ ನೋಡಿದ್ರೆ ಸಾಕಿತ್ತು” ಅಂದೆ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಿಚಾರಣೆಗೆ ಬಂದ ಸಾಹೇಬರ ಮುಂದೆಯೂ ‘ಕೈ ತಪ್ಪಿತು’ ಎಂದರೇ ಹೊರತು ಇನ್ನೊಂದು ಮಾತಾಡಲಿಲ್ಲ. ಆವತ್ತು ನಮ್ಮ ಹೊಸ್ತಿಲು ದಾಟಿದವಳು ನೀನು ಮತ್ತೆ ಬಂದಿಲ್ಲ. ಬಂದಿದ್ದರೆ ನೋಡುತ್ತಿದ್ದೆ. ಅಂದಿನಿಂದ ಹಿಡಿ ಇರುವ ಯಾವ ವಸ್ತುವನ್ನೂ ಅಪ್ಪ ಮುಟ್ಟುತ್ತಿರಲಿಲ್ಲ. ಸ್ಕೂಟರ್ ಮಾರಿಸಿದರು. ಮಿಕ್ಸಿ ತಿರುಗಿಸುವುದಕ್ಕೂ ನನ್ನನ್ನೇ ಕೂಗುತ್ತಿದ್ದರು. ಸುಮ್ಮನೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು.

ಈಗ ಕೇಳು. ಆ ಮನುಷ್ಯ ನಿನ್ನೆ ನನ್ನ ಮಗಳ ಜೊತೆ ‘ನನ್ನ ಸರದಿ, ಕೊಡೇ ಇತ್ಲಾಗೆ’ ಎಂದು ಜಗಳವಾಡಿದರು!

ನಡೆದದ್ದು ಹೀಗೆ. ನನ್ನ ಮಗಳು, ನಮ್ಮ ಪಟಾಕಿ, ಟೀವಿಗೆ ಸಿಕ್ಕಿಸಿ ಗೇಮ್ ಆಡುತ್ತಿದ್ದ ಪೆಟ್ಟಿಗೆ ಇತ್ತಲ್ಲ, ಅದರ ಮೇಲೆ ಅವಳೇ ಒಂದು ಲೋಟ ಹಾಲು ಚೆಲ್ಲಿ ಅದರ ಪ್ರಾಣ ತೆಗೆದಳು. (ನಮ್ಮ ವಂಶಕ್ಕೂ ಹಾಲಿಗೂ ಅದೇನು ವೈರವೋ.) ರಿಪೇರಿಯವರ ಹತ್ತಿರ ಒಯ್ದರೆ, ಅವರು ಒಳಗೆಲ್ಲ ಇಣುಕಿ, “ಇದರ ಕಥೆ ಮುಗೀತು ಮೇಡಂ. ಆದ್ರೆ ಪ್ಯಾಡ್ ಕಲ್ಲಿನ ಹಾಗಿದೆ. ನಿಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ಅದರಲ್ಲೂ ನಡೆಯತ್ತೆ” ಅಂದರು. ಮನೆಯ ಮುಂಗೋಣೆಯ ಸ್ಟುಡಿಯೋದಲ್ಲಿ ಗಿರಾಕಿಗಳ ಮುಖದ ಮೊಡವೆ ಅಳಿಸುವ ನನ್ನ ಕಂಪ್ಯೂಟರಿನಲ್ಲಿ ಗೇಮಾ ಎಂದು ನಾನು ನಕ್ಕೆ. ಪಟಾಕಿ ಬಿಡಬೇಕಲ್ಲ.

ಸಿಕ್ಕಿಸಿದೆವು. ದೀಪ ಹತ್ತಿತು, ಕಂಪ್ಯೂಟರ್ ಮಾತ್ರ ಕಂಡೂ ಕಾಣದ ಹಾಗೆ ಕೂತಿತು. ತೆಗೆದೆವು, ಹಾಕಿದೆವು, ಊದಿದೆವು, ಒರೆಸಿದೆವು. ಕೊನೆಗೆ ನನಗೆ ಹೊಳೆಯಿತು. ನಾವು ಹಾಕಿದ್ದು ಫೋನ್ ಚಾರ್ಜ್ ಮಾಡುವ ವೈರು, ಅದರಲ್ಲಿ ಕರೆಂಟು ಹೋಗುತ್ತದೆ, ಮಾತು ಹೋಗುವುದಿಲ್ಲ. ಕ್ಯಾಮೆರಾದಿಂದ ಫೋಟೋ ಇಳಿಸುವ ನನ್ನ ವೈರು ತಂದು ಹಾಕಿದೆ ನೋಡು, ಟಣ್ ಎಂದು ಸದ್ದು ಮಾಡಿ ಕಂಪ್ಯೂಟರ್ ಪ್ಯಾಡನ್ನು ಗುರುತು ಹಿಡಿಯಿತು! ನಾನು ಕುಣಿದೇಬಿಟ್ಟೆ. ನಿನ್ನ ಪೊಟ್ಟಣದಲ್ಲೂ ಅಂಥದೇ ವೈರು ಸುತ್ತಿಟ್ಟಿದ್ದೇನೆ. ದಯವಿಟ್ಟು ಬೇರೆ ವೈರು ಹಾಕಿ ನನ್ನನ್ನು ಬೈಯಬೇಡ.

ಇನ್ನೊಂದು ತಮಾಷೆ. ಪರದೆಯ ಮೇಲೆ ‘ಎ ಒತ್ತಿ, ಬಿ ಒತ್ತಿ’ ಎಂದು ಬರುತ್ತದೆ, ಪ್ಯಾಡಿನ ಮೇಲೆ ಎ-ಯೂ ಇಲ್ಲ, ಬಿ-ಯೂ ಇಲ್ಲ. ಬರೀ ಚಿತ್ರಗಳು. ಅದು ಬೇರೆ ಕಂಪನಿಯ ಭಾಷೆಯಂತೆ. ಹಾಗಾಗಿ ನಾವೇ ಹೆಸರಿಟ್ಟೆವು. ಅಡ್ಡಗೀಟಿನದು ಕತ್ತರಿ, ದುಂಡಗಿನದು ಬಳೆ, ಮೂರು ಮೂಲೆಯದು ಗುಡಾರ, ನಾಲ್ಕು ಮೂಲೆಯದು ಕಿಟಕಿ. ಎ ಅಂದರೆ ಕತ್ತರಿ, ಬಿ ಅಂದರೆ ಬಳೆ. ಒಂದು ದಿನ ದೊಡ್ಡ ಮೀಸೆಯವರೊಬ್ಬರು ಫೋಟೋಕ್ಕೆಂದು ಬಂದು ಗದ್ದ ಎತ್ತಿ ಕೂತಿದ್ದಾರೆ, ಸ್ಟುಡಿಯೋದ ಹಿನ್ನೆಲೆಯ ಬಟ್ಟೆಯ ಹಿಂದಿನಿಂದ ಪಟಾಕಿ “ಕತ್ತರಿ! ಬೇಗ ಕತ್ತರಿ!” ಎಂದು ಕಿರುಚಿದಳು. ಅವರು ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡರು. ನಾನಂತೂ ಆಟದಲ್ಲಿ ಶುದ್ಧ ದಡ್ಡಿ. ಪಟಾಕಿ ಗುಂಡಿ ಒತ್ತಮ್ಮಾ ಅಂದರೆ ನಾನು ಹೋಗಿ ಗುಂಡಿಗೆ ಬೀಳುತ್ತೇನೆ.

ಅಪ್ಪನ ವಿಷಯಕ್ಕೆ ಬಂದೆ. ಪಟಾಕಿ ಯಂತ್ರಗಳ ಆಟವೊಂದನ್ನು ತುಂಬಿಸಿಕೊಂಡಿದ್ದಳು. ಲಾರಿ ಓಡಿಸುವುದು, ಮಣ್ಣು ಅಗೆಯುವುದು, ಕ್ರೇನಿನಿಂದ ಪೆಟ್ಟಿಗೆ ಎತ್ತಿ ಹಡಗಿಗೆ ಇಡುವುದು. ಆವತ್ತು ಆಟ ನಿಲ್ಲಿಸದೆ ಪ್ಯಾಡನ್ನು ಮೇಜಿನ ಮೇಲಿಟ್ಟು ತಿಂಡಿಗೆ ಎದ್ದುಹೋದಳು. ಎಲ್ಲೋ ಏನೋ ಢಿಕ್ಕಿ ಹೊಡೆದಿರಬೇಕು, ಪ್ಯಾಡ್ ಗುರ್ರ್ ಎಂದು ನಡುಗುತ್ತ ಮೇಜಿನ ಅಂಚಿಗೆ ಬಂತು. ಅಪ್ಪ “ಯಾರ್ದಮ್ಮ ಫೋನು, ಬಡ್ಕೊಳ್ತಿದೆ” ಎನ್ನುತ್ತ ಎತ್ತಿಕೊಂಡು ಕಿವಿಗೆ ಹಿಡಿದು “ಹಲೋ” ಅಂದರು.

ನಗಬೇಡ. ಅಲ್ಲ, ನಗು. ನಾನೂ ನಕ್ಕೆ. ಆದರೆ ಕಿವಿಯಿಂದ ಇಳಿಸಿದಾಗ ಅವರ ಎರಡು ಹೆಬ್ಬೆರಳು ತಾವಾಗಿಯೇ ಹೋಗಿ ಆ ಅಣಬೆಯಂಥ ಪುಟ್ಟ ಹಿಡಿಗಳ ಮೇಲೆ ಕೂತವು. ಎಡಗೈಯಲ್ಲಿ ತಿರುಗಿಸುವುದು, ಬಲಗೈಯಲ್ಲಿ ಎತ್ತಿ ಇಳಿಸುವುದು, ಜೀವಮಾನವಿಡೀ ಕೂತ ಹಾಗೆಯೇ. ಪರದೆಯಲ್ಲಿ ಕ್ರೇನಿನ ಕೊಕ್ಕೆಗೆ ಪೆಟ್ಟಿಗೆ ತೂಗುತ್ತಿತ್ತು. ಅಪ್ಪ ಬಲಗಡೆಯ ಹಿಡಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದರು. ಪೆಟ್ಟಿಗೆ ದಢಾರನೆ ನೆಲಕ್ಕೆ ಬಿತ್ತು. ಪ್ಯಾಡ್ ಕೈಯಲ್ಲಿ ಗುರ್ರ್ ಅಂತು. “ನನ್ನ ಕೈ ಸರಿಯಿಲ್ಲಮ್ಮ” ಎಂದು ಅಪ್ಪ ಅದನ್ನಿಟ್ಟು ಒಳಗೆ ಹೋದರು.

ನನಗೆ ಅಳು ಬಂತು. ಪಟಾಕಿಗೆ ಅಳು ಬರುವುದಿಲ್ಲ, ಹಟ ಬರುತ್ತದೆ. “ತಾತ ಎಳೆದ್ರೆ ಮೇಲೆ ಹೋಗತ್ತೆ ಅಂದ್ಕೊಂಡಿದ್ದಾರೆ ಅಮ್ಮಾ. ಈ ಆಟದಲ್ಲಿ ಮುಂದಕ್ಕೆ ತಳ್ಳಿದ್ರೆ ಮೇಲೆ, ಎಳೆದ್ರೆ ಕೆಳಗೆ” ಅಂದಳು. ಆಮೇಲೆ ಸೆಟ್ಟಿಂಗ್ಸಿನೊಳಗೆ ನುಗ್ಗಿ ತಡಕಾಡಿ, ‘ಉಲ್ಟಾ’ ಎನ್ನುವ ಅರ್ಥದ ಒಂದು ಸಾಲು ಹುಡುಕಿ ಅದರ ಮುಂದೆ ಟಿಕ್ ಹಾಕಿದಳು. ಅಷ್ಟೇ ಕಣೇ. ಒಂದು ಟಿಕ್ಕು.

ಅಪ್ಪನನ್ನು ಮತ್ತೆ ಕರೆದರೆ ಬರಲಿಲ್ಲ. ಗೋಗರೆದರೂ ಬರಲಿಲ್ಲ. ಪಟಾಕಿ ಬೇಕೆಂದೇ ಪೆಟ್ಟಿಗೆಯನ್ನು ಹಡಗಿನ ಗೋಡೆಗೆ ಬಡಿಸುತ್ತ ಬಡಿಸುತ್ತ “ತಾತಾ, ಹೀಗೇನಾ? ಹೀಗೇನಾ?” ಎಂದು ಕೂಗತೊಡಗಿದಳು. ಅಪ್ಪ ಬಾಗಿಲ ಹತ್ತಿರ ಬಂದು ನಿಂತರು. ಇನ್ನೊಂದು ಸಲ ಬಡಿಯಿತು. ತಡೆಯಲಾಗಲಿಲ್ಲ ನೋಡು. “ಅಯ್ಯಯ್ಯೋ, ಹಗ್ಗ ಅಷ್ಟು ತೂಗಾಡ್ತಿರೋವಾಗ ಇಳಿಸ್ತಾರೇನೇ? ಕೊಡಿಲ್ಲಿ!” ಎಂದು ಕಿತ್ತುಕೊಂಡರು. ಎಳೆದರು. ಪೆಟ್ಟಿಗೆ ಮೇಲಕ್ಕೆ ಹೋಯಿತು! ಅಪ್ಪ ಪರದೆಯನ್ನು ನೋಡಿದರು, ಕೈ ನೋಡಿಕೊಂಡರು, ಮತ್ತೆ ಎಳೆದರು. ಮತ್ತೆ ಮೇಲಕ್ಕೆ. ತೂಗಾಟ ನಿಲ್ಲಿಸಿದರು, ತಿರುಗಿಸಿದರು, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಹಡಗಿನ ಮೇಲೆ ತಂದು ನಿಲ್ಲಿಸಿದರು. ನನಗೆ ಕೂಗಬೇಕೋ, ಅಳಬೇಕೋ, ಸಿಹಿ ತರಬೇಕೋ ಒಂದೂ ತಿಳಿಯಲಿಲ್ಲ. ಮೂರೂ ಮಾಡಿದೆ.

ಆದರೆ ನಿಂತ ಪೆಟ್ಟಿಗೆ ನಿಂತೇ ಇದೆ. ಇಳಿಸಲಿಲ್ಲ. ಯಾಕಪ್ಪಾ ಅಂದರೆ, “ಕೆಳಗೆ ಸನ್ನೆ ಮಾಡೋರೇ ಇಲ್ವಲ್ಲ. ಹೇಗೆ ಇಳಿಸ್ಲಿ?” ಅಂತಾರೆ! ಇದು ಆಟ ಅಪ್ಪಾ ಅಂದೆ. “ಆಟ ಆದ್ರೇನು, ಕೆಳಗೆ ಜನ ಓಡಾಡ್ತಿಲ್ವಾ?” ಅಂದರು. ಕೊನೆಗೆ ನಾನೇ ಪರದೆಯ ಪಕ್ಕ ನಿಂತು ಬೆರಳಾಡಿಸಿದೆ. ನನ್ನ ಸನ್ನೆ ಸರಿಯಿಲ್ಲವಂತೆ. ಫೋಟೋಕ್ಕೆ ಟೈ ಕಟ್ಟಿ ಕೂತಿದ್ದ ವಿಮಾ ಏಜೆಂಟರು ಎದ್ದು ಬಂದು ಅವರೂ ಒಂದು ಕೈ ನೋಡಿದರು. ಅವರದು ಬಸ್ಸು ನಿಲ್ಲಿಸುವ ಹಾಗಿದೆಯಂತೆ. ಆಗ ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, “ನಮ್ಮ ಅಳಿಯಂದ್ರ ಹಾಗೆ ಯಾರಿಗೂ ಬರಲ್ಲಮ್ಮ. ಅವರ ಬೆರಳು ಒಂದು ಕಾಣಿಸ್ತಿದ್ರೆ ಸಾಕು, ಪೆಟ್ಟಿಗೆ ತಾನಾಗೇ ಹೋಗಿ ಕೂರತ್ತೆ.”

ಮೊಂಡಿ, ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮವರ ಮಾತು ಅಪ್ಪನ ಬಾಯಲ್ಲಿ ಬಂದದ್ದು ಅದೇ ಮೊದಲು.

ಈಗ ಗೊತ್ತಾಯಿತೇ ಪ್ಯಾಡ್ ಯಾಕೆಂದು? ಆ ಆಟವನ್ನು ಇಬ್ಬರು ಆಡಬಹುದು, ಅವರವರ ಮನೆಯಲ್ಲಿ ಕೂತು, ಇಂಟರ್ನೆಟ್ಟಿನ ಮೇಲೆ. ಒಬ್ಬರು ಕ್ರೇನ್ ನಡೆಸಿದರೆ ಇನ್ನೊಬ್ಬರು ಕೆಳಗೆ ನಿಂತು ಸನ್ನೆ ಮಾಡುವ ಬೊಂಬೆಯಾಗುತ್ತಾರೆ. ಗುಡಾರ ಒತ್ತಿದರೆ ಆ ಬೊಂಬೆ ಬೆರಳೆತ್ತಿ ತಿರುಗಿಸುತ್ತದೆ, ಕಿಟಕಿ ಒತ್ತಿದರೆ ನಿಲ್ಲಿಸು ಎನ್ನುತ್ತದೆ. ರಿಪೇರಿಯವರ ಸಂಸಾರಕ್ಕೆಲ್ಲ ಒಂದು ಒಳ್ಳೆಯ ಫೋಟೋ ತೆಗೆದುಕೊಟ್ಟು ಅದರ ಬದಲಿಗೆ ಈ ಎರಡನೇ ಪ್ಯಾಡ್ ತಂದಿದ್ದೇನೆ. ನಿಮ್ಮವರು ಕೋಲು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡಿ ಬೇಸತ್ತಿದ್ದಾರೆ ಎಂದು ನೀನೇ ಹೇಳಿದ್ದೆಯಲ್ಲ. ಇದಕ್ಕೆ ಕಾಲು ಬೇಕಿಲ್ಲ, ಎರಡು ಹೆಬ್ಬೆರಳು ಸಾಕು.

ಮುಂದಿನ ಭಾನುವಾರ ಬೆಳಗ್ಗೆ ಪಟಾಕಿ ಎಲ್ಲ ಜೋಡಿಸಿ ಇಟ್ಟಿರುತ್ತಾಳೆ. ಅಪ್ಪ ಆಗಲೇ ಕುರ್ಚಿಗೆ ದಿಂಬು ಹಾಕಿಸಿಕೊಂಡಾಗಿದೆ. “ಅವರು ಒಪ್ತಾರಾ?” ಎಂದು ಬೆಳಗ್ಗೆಯಿಂದ ನನ್ನ ಹಿಂದೆ ಹಿಂದೆ ತಿರುಗುತ್ತಿದ್ದಾರೆ. ನಾನೇನು ಹೇಳಲಿ? ನಿಮ್ಮವರು ಒಪ್ಪುತ್ತಾರೆ ಎಂದು ನನಗೆ ಗೊತ್ತು. ಪ್ಯಾಡನ್ನು ನೀನು ಅವರ ಕೈಗೆ ಕೊಡುತ್ತೀಯೋ ಬೀರುವಿನ ಮೇಲಿಡುತ್ತೀಯೋ, ಅದು ಮಾತ್ರ ಗೊತ್ತಿಲ್ಲ.

ಕೊಡೇ. ನಿನ್ನ ದಮ್ಮಯ್ಯ.

ನಿಮ್ಮಿಬ್ಬರ ಮನೆ ತಣ್ಣಗಿರಲಿ. ನಿಮ್ಮವರ ಕಾಲಿನ ನೋವು ಕಡಿಮೆಯಾಗಲಿ. ನಿನ್ನ ಮೂಗಿನ ತುದಿಯ ಕೋಪ ಒಂದು ಭಾನುವಾರದ ಮಟ್ಟಿಗಾದರೂ ಇಳಿದಿರಲಿ. ಪಟಾಕಿ ಚಿಕ್ಕಮ್ಮನಿಗೆ ಒಂದು ಮುತ್ತು ಕಳಿಸಿದ್ದಾಳೆ, ಚಿಕ್ಕಪ್ಪನಿಗೆ ಒಂದು ಸವಾಲು.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಇಷ್ಟು ಬರೆದು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ನಿನ್ನೆ ಪಟಾಕಿ ತಾನು ಆಡುವಾಗ ಆ ಟಿಕ್ಕು ತೆಗೆದು, ತಿರುಗಿ ಹಾಕಲು ಮರೆತಿದ್ದಳು. ಅಪ್ಪ ಜಗಳವಾಡಿ ಪ್ಯಾಡ್ ಕಿತ್ತುಕೊಂಡು ಎಳೆದರು, ಪೆಟ್ಟಿಗೆ ನೆಲಕ್ಕೆ ಬಡಿಯಿತು. ಈ ಸಲ ಅವರು ಎದ್ದು ಹೋಗಲಿಲ್ಲ. ಪ್ಯಾಡನ್ನು ತಿರುಗಿಸಿ ನೋಡುತ್ತ, “ಹೊಸ ಮೆಷಿನ್ನೂ ಹೀಗೇ ಇತ್ತು” ಅಂದರು. ಏನು ಹೀಗೆ ಎಂದು ಕೇಳಿದೆ. “ಹಳೇದರಲ್ಲಿ ಎಳೆದ್ರೆ ಮೇಲಕ್ಕೆ. ಹೊಸದರಲ್ಲಿ ಎಳೆದ್ರೆ ಕೆಳಕ್ಕೆ. ಹೇಳಿದ್ರು, ನಂಗೆ ಗೊತ್ತಿತ್ತು. ಕೈಗೆ ಗೊತ್ತಿರ್ಲಿಲ್ಲ. ಅಳಿಯಂದ್ರು ಬೆರಳೆತ್ತಿದ್ದು ಕಾಣಿಸ್ತು ಕಣಮ್ಮ. ಕಾಣಿಸ್ತು ಅಂತಲೇ ಎಳೆದೆ.”

ಮತ್ತೆ ಯಾಕೆ ಹೇಳಲಿಲ್ಲ, ಅವಳು ಅಷ್ಟೆಲ್ಲ ಅಂದಾಗ ಎಂದೆ. “ಅವಳ ಗಂಡ ಒಳಗೆ ಮಲಗಿದ್ರು. ಅವಳ ಮುಂದೆ ನಿಂತು ಹಿಡಿ ಉಲ್ಟಾ ಇತ್ತು ಅಂತ ಹೇಳ್ಲಾ?” ಅಂದರು.

ನೀನು ನಂಬಬೇಕೆಂದು ನಾನು ಹೇಳುವುದಿಲ್ಲ. ಒಂದು ಕೆಲಸ ಮಾಡು. ನಿಮ್ಮವರ ಕೈಗೆ ಕೊಡುವ ಮೊದಲು ಪ್ಯಾಡನ್ನು ನೀನೇ ಹಿಡಿದು ಆಡು, ಕೈ ಚೆನ್ನಾಗಿ ಕೂರುವವರೆಗೆ ಆಡು. ಆಮೇಲೆ ಆ ಉಲ್ಟಾ ಟಿಕ್ಕು ನೀನೇ ಬದಲಾಯಿಸು, ಬದಲಾಯಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೋ. ಪೆಟ್ಟಿಗೆ ಎತ್ತಿಸಿ, ಪಕ್ಕದಲ್ಲಿ ನಿಮ್ಮವರನ್ನು ಕೂರಿಸಿಕೊಂಡು, ಇದ್ದಕ್ಕಿದ್ದ ಹಾಗೆ ಬೆರಳೆತ್ತಿ ‘ಮೇಲೆ’ ಎಂದು ಕೂಗಲು ಹೇಳು.

ನಿನ್ನ ಹೆಬ್ಬೆರಳು ಯಾವ ಕಡೆಗೆ ಹೋಗುತ್ತದೆ ನೋಡು.