ಗಾಜಿನೊಳಗಿನ ಹಸಿದ ಕಲ್ಲು

ಲಿಮಾ, ಜುಲೈ ೧೦

ಬೆನಿಗ್ನಾ ಅಕ್ಕಾ,

ಫೋನು ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ಅವಳ ಎದುರು ಓದಬೇಡ.

ಆಗಸ್ಟ್ ಒಂದಕ್ಕೆ ಭೂತಾಯಿ ಹಸಿದು ಬಾಯಿ ತೆರೆದಾಗ, ಅಮ್ಮ ಗಂಟು ಬಿಚ್ಚಿ ನಮ್ಮ ಅಲ್ಪಾಕ ಹಿಂಡು ಕಾಯುವ ಕಲ್ಲಿಗೆ ಕೋಕಾ ಎಲೆ, ಜೋಳದ ಹೆಂಡ ಉಣಿಸುತ್ತಾಳಲ್ಲ? ಏನಾದರೂ ನೆಪ ಹೇಳಿ ಹತ್ತು ದಿನ ಮುಂದಕ್ಕೆ ಹಾಕಿಸು. ಗಂಟಿನಲ್ಲಿರುವುದು ನಾನು ಹೊಳೆಯಿಂದ ಆರಿಸಿಟ್ಟ ಕಲ್ಲು. ನಮ್ಮದು ಇಲ್ಲಿ, ನನ್ನ ನೇಯ್ಗೆಗಳ ಪ್ರದರ್ಶನದಲ್ಲಿ, ಗಾಜಿನ ಪೆಟ್ಟಿಗೆಯೊಳಗಿದೆ. ಜೂನಿಗೇ ಮುಗಿಯುತ್ತದೆ ಅಂದಿದ್ದರು. ಜನ ಮುಗಿಬೀಳುತ್ತಿದ್ದಾರೆ ಅಂತ ಆಗಸ್ಟ್ ಮೊದಲ ವಾರದವರೆಗೆ ಮುಂದುವರಿಸಿದ್ದಾರೆ.

ಒಂದು ಹನಿ ಹೆಂಡ ಚಿಮುಕಿಸಲು ಬಿಡಪ್ಪಾ ಅಂತ ನಿನ್ನೆ ಕಾವಲುಗಾರನನ್ನು ಬೇಡಿಕೊಂಡೆ. "ಕಲ್ಲಿಗೂ ಬಾಯಾರಿಕೆನಾ ತಾಯಿ? ಗಾಜು ಕೊಳೆಯಾದ್ರೆ ನನ್ನ ಕೆಲಸ ಹೋಗುತ್ತೆ" ಅಂತ ನಕ್ಕ. ಹೊರಗಿನವರ ಕಣ್ಣಿಗೆ ಬೀಳಬಾರದು ಅಂತ ಅಜ್ಜಿ ಏಳು ಬಟ್ಟೆ ಸುತ್ತಿಟ್ಟಿದ್ದಳು. ಈಗ ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ.

ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ ಅಂತ ಅಮ್ಮನಿಗೆ ಹೇಳು.

ಬಿಳಿ ಅಲ್ಪಾಕ ಸತ್ತಿತು ಅಂತ ನೀನು ಫೋನಿನಲ್ಲಿ ಹೇಳಿದೆ, ಯಾವತ್ತು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಊರು ಬಿಡುವ ಮುಂಚೆಯೇ ಅದಕ್ಕೆ ಕಾಯಿಲೆಯಿತ್ತು ಅಂತ ಬರಿ. ಸುಳ್ಳಾದರೂ ಸರಿ.

ನಿನ್ನ ತಂಗಿ,
ಎವಾರಿಸ್ತಾ